ಎರಡನೆಯ ಬೆರಳು

ನಮ್ಮ ಅತ್ತೆಯ ಸರ ಹೋದದ್ದು ಒಂದು ಕುಂಭಾಭಿಷೇಕದಲ್ಲಿ, ಮಟಮಟ ಮಧ್ಯಾಹ್ನ, ಸಾವಿರ ಜನರ ನಡುವೆ.

ದೊಡ್ಡಬಳ್ಳಾಪುರದ ಹತ್ತಿರದ ಮಧುರೆಯಿಂದ ಆಚೆಗೆ ಅತ್ತೆಯ ತವರೂರು. ಅಲ್ಲಿ ಆಂಜನೇಯನ ಗುಡಿಯನ್ನು ಹೊಸದಾಗಿ ಕಟ್ಟಿದ್ದರು. ಊರಿನ ಹೆಣ್ಣುಮಕ್ಕಳಿಗೆಲ್ಲ ಸೀರೆ, ಅರಿಶಿನ ಕುಂಕುಮ ಕೊಟ್ಟು ಕರೆದಿದ್ದರಿಂದ ಹೋಗದೆ ಇರುವ ಹಾಗಿರಲಿಲ್ಲ. ಬೆಳಗಿನ ಹಾಲನ್ನು ಡೈರಿಗೆ ಹಾಕಿ ನಾನೂ ಅತ್ತೆಯೂ ಬಸ್ಸು ಹಿಡಿದೆವು. ಅತ್ತೆ ಪೆಟ್ಟಿಗೆಯಲ್ಲಿದ್ದ ಎರಡೆಳೆಯ ಸರವನ್ನು ತೆಗೆದು ತಾಳಿ ಪೋಣಿಸಿ ಹಾಕಿಕೊಂಡಿದ್ದರು. ತವರಿನವರು ನೋಡಲಿ ಎಂಬ ಆಸೆ. ಅರವತ್ತು ದಾಟಿದವರಿಗೂ ಆ ಆಸೆ ಹೋಗುವುದಿಲ್ಲ.

ಕಳಶಕ್ಕೆ ನೀರು ಹಾಕುವ ಹೊತ್ತಿಗೆ ಮೇಲೆ ಗರುಡ ಬಂದು ಸುತ್ತುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ಗರುಡ ಬಂದರೆ ದೇವರು ಒಪ್ಪಿಕೊಂಡ ಹಾಗೆ. ಪುರೋಹಿತರು ಗೋಪುರದ ಮೇಲೆ ಹತ್ತಿ ನಿಂತಿದ್ದರು. ವಾದ್ಯ ಜೋರಾಗಿ ಮೊಳಗುತ್ತಿತ್ತು. ಆಗ ನಮ್ಮ ಹಿಂದೆ ಎಲ್ಲೋ ಒಂದು ಹೆಣ್ಣು ದನಿ, "ಅಗೋ ಗರುಡ ಬಂತು, ಅಗೋ ಅಲ್ಲಿ" ಅಂದಿತು. ಎಲ್ಲರೂ ಒಟ್ಟಿಗೆ ತಲೆ ಎತ್ತಿ ಕೈ ಮುಗಿದರು. ನಾನೂ ಎತ್ತಿದೆ. ಕಣ್ಣಿಗೆ ಬಿಸಿಲು ಹೊಡೆಯಿತೇ ಹೊರತು ಗರುಡ ಕಾಣಲಿಲ್ಲ.

ನನ್ನ ಪಕ್ಕದಲ್ಲಿ ಅತ್ತೆ 'ಹಕ್' ಎಂದು ಒಂದು ಸದ್ದು ಮಾಡಿದರು. ತಿರುಗಿ ನೋಡುವಷ್ಟರಲ್ಲಿ ಅವರ ಕತ್ತು ಹಿಂದಕ್ಕೆ ಬಾಗಿತ್ತು. ಸರ ಹಳೆಯ ಕಾಲದ್ದು, ಗಟ್ಟಿ. ಮೊದಲ ಎಳೆತಕ್ಕೆ ಹರಿಯಲಿಲ್ಲ. ಎರಡನೆಯ ಸಲ ಎಳೆದಾಗ ಅತ್ತೆಯೇ ಸರದ ಜೊತೆಗೆ ಹಿಂದಕ್ಕೆ ತಿರುಗಿ ಹೋಗಿ ಜಲ್ಲಿಯ ಮೇಲೆ ಮುಖ ಅಡಿಯಾಗಿ ಬಿದ್ದರು. ಅಷ್ಟರಲ್ಲಿ ಗೋಪುರದ ಮೇಲಿಂದ ತೀರ್ಥ ಚಿಮುಕಿಸಲು ಶುರುಮಾಡಿದರು. ನಾಲ್ಕು ಹನಿ ತಲೆಯ ಮೇಲೆ ಬೀಳಲಿ ಎಂದು ಜನ ಮುಂದಕ್ಕೆ ನುಗ್ಗಿದರು. ಅತ್ತೆಯ ಬೆನ್ನಿನ ಮೇಲೆ ಕಾಲಿಟ್ಟು ಹೋದರು. ನಾನು ಅವರ ಮೇಲೆ ಅಡ್ಡ ಬಿದ್ದು, "ಮನುಷ್ಯರಿದ್ದಾರೆ, ಮನುಷ್ಯರಿದ್ದಾರೆ" ಎಂದು ಕೂಗುತ್ತಿದ್ದೆ. ಯಾರ ಹಿಮ್ಮಡಿಯೋ ನನ್ನ ಕಿವಿಗೆ ಬಡಿಯಿತು.

ಎತ್ತಿ ಕೂರಿಸಿದಾಗ ಅತ್ತೆಯ ಗದ್ದ ಸೀಳಿತ್ತು. ಮುಂದಿನ ಎರಡು ಹಲ್ಲು ಹೋಗಿದ್ದವು. ಕತ್ತಿನ ಹಿಂದೆ, ದಾರದಲ್ಲಿ ಬೆಣ್ಣೆ ಕೊಯ್ದ ಹಾಗೆ, ಒಂದು ಗೆರೆ ಕೊಯ್ದುಹೋಗಿ ರಕ್ತ ಸೀರೆಗೆ ಇಳಿಯುತ್ತಿತ್ತು. ಸೆರಗಿನಲ್ಲಿ ತಾಳಿಯ ಪಕ್ಕದ ಒಂದು ಚಿನ್ನದ ಗುಂಡು ಮಾತ್ರ ಸಿಕ್ಕಿತು.

ಆರು ತಿಂಗಳಿಗೆ ಮಾವ ತೀರಿಹೋದರು. ಮೊದಲಿಂದಲೂ ಅವರಿಗೆ ಹೃದಯದ ತೊಂದರೆ ಇತ್ತು, ಡಾಕ್ಟರು ಹೇಳಿಯೇ ಇದ್ದರು. ಆದರೂ ಹನ್ನೊಂದನೆಯ ದಿನ ಮನೆ ಖಾಲಿಯಾದ ಮೇಲೆ ಅತ್ತೆ ನನ್ನನ್ನು ಕರೆದು, "ಅವತ್ತೇ ಹೋಯ್ತು ಕಣಮ್ಮಿ. ಆ ಮುಂಡೆ ನನ್ ಕುತ್ಗೆಯಿಂದ ಕಿತ್ಕೊಂಡ್ಲಲ್ಲ, ಅವತ್ತೇ ಹೋಗಿತ್ತು" ಅಂದರು. ಆ ಮಾತನ್ನು ಅವರು ಹೇಳಿದ್ದು ಒಂದೇ ಸಲ. ನಾನು ಮರೆಯಲಿಲ್ಲ. ಆಮೇಲೆ ಅವರು ಯಾವ ಗುಡಿಗೂ ಹೋಗಲಿಲ್ಲ. ಮದುವೆಮನೆಗೂ ಹೋಗಲಿಲ್ಲ. ಬಿಸಿಲಿನಲ್ಲೂ ಸೆರಗನ್ನು ಕತ್ತಿನ ಸುತ್ತ ಹೊದ್ದುಕೊಂಡು ಹಟ್ಟಿಯ ಮುಂದೆ ಕೂರುತ್ತಿದ್ದರು.

ನನ್ನ ಬಗ್ಗೆ ಸ್ವಲ್ಪ ಹೇಳಬೇಕು. ಪಿಯುಸಿ ಮುಗಿಸಿ ಈ ಮನೆಗೆ ಬಂದವಳು ನಾನು. ನಮ್ಮನೆಯವರು ಬಾಶೆಟ್ಟಿಹಳ್ಳಿ ಕಡೆಯ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡುತ್ತಾರೆ. ಹೊಲ, ಹಸು ನನ್ನ ಪಾಲಿಗೆ. ನಾಲ್ಕು ಸೀಮೆಹಸು. ಯಂತ್ರ ಕೊಂಡುಕೊಳ್ಳುವ ಮಾತು ಪ್ರತಿವರ್ಷ ಬರುತ್ತದೆ, ಹೋಗುತ್ತದೆ. ಇಪ್ಪತ್ತು ವರ್ಷ ಬೆಳಿಗ್ಗೆ ಸಂಜೆ ಕೈಯಲ್ಲೇ ಹಾಲು ಕರೆದವಳ ಹಿಡಿತ ಹೇಗಿರುತ್ತದೆ ಎಂಬುದು ನನಗೂ ಗೊತ್ತಿರಲಿಲ್ಲ.

ಮಾವ ಹೋದ ಮಾರನೆಯ ವರ್ಷ ವೈಕುಂಠ ಏಕಾದಶಿಗೆ ದೊಡ್ಡಬಳ್ಳಾಪುರಕ್ಕೆ ಹೊರಟೆ. ಅತ್ತೆಯನ್ನು ಕರೆದೆ, ಬರಲಿಲ್ಲ. ಹಿತ್ತಲಿನ ತುಳಸಿ ಕಿತ್ತು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಟ್ಟರು. ನಾನು ಬಾಗಿಲು ದಾಟುವಾಗ, "ಸರಾನ ಸೆರಗಿನೊಳಗೆ ಹಾಕ್ಕೊಂಡು ಪಿನ್ ಹಾಕು" ಅಂದರು. ಹಾಗೆಯೇ ಮಾಡಿದೆ.

ವೆಂಕಟರಮಣನ ಗುಡಿಗೆ ನಾನು ತಲುಪಿದಾಗ ಎಂಟೂವರೆ. ಸಾಲು ಬೀದಿಯ ಕೊನೆಯವರೆಗೂ ಬಂದಿತ್ತು. ಸರ್ವೆಮರದ ಗಳ ಅಡ್ಡ ಕಟ್ಟಿ ಹೆಂಗಸರಿಗೊಂದು, ಗಂಡಸರಿಗೊಂದು ದಾರಿ ಮಾಡಿದ್ದರು. ಮೊದಲ ಎರಡು ಗಂಟೆ ಏನೂ ಆಗಲಿಲ್ಲ. ಮುಂದಿದ್ದವಳ ಮಲ್ಲಿಗೆ ಹೂವು ನನ್ನ ಮೂಗಿಗೆ ತಾಗುವಷ್ಟು ಒತ್ತಾಗಿ ನಿಂತು, ಒಂದೊಂದೇ ಹೆಜ್ಜೆ ಇಡುತ್ತಿದ್ದೆವು. ಮೈಕಿನಲ್ಲಿ ಒಬ್ಬರು, "ತಾಯಂದಿರೇ, ನಿಮ್ಮ ಒಡವೆಗಳ ಮೇಲೆ ನಿಗಾ ಇರಲಿ" ಎಂದು ಹೇಳುತ್ತಲೇ ಇದ್ದರು. ಹೇಳಿದಾಗಲೆಲ್ಲ ಹೆಂಗಸರೆಲ್ಲ ಕೈಯಿಂದ ಕತ್ತು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಯಾರ ಕತ್ತಿನಲ್ಲಿ ಏನಿದೆ ಎಂದು ನೋಡಬೇಕಾದವರಿಗೆ ಅದೇ ಸಾಕಾಗಿತ್ತು ಎಂದು ಈಗ ಅನ್ನಿಸುತ್ತದೆ.

ವೈಕುಂಠದ್ವಾರ ಎಂದರೆ ಹೂವಿನಿಂದ ಕಟ್ಟಿದ ಕಮಾನು. ಅದರ ಮೇಲೆ ಉಯ್ಯಾಲೆಯಲ್ಲಿ ದೇವರನ್ನು ಕೂರಿಸಿರುತ್ತಾರೆ. ಕೆಳಗೆ ದಾಟುವಾಗ ಎಲ್ಲರೂ ಎರಡೂ ಕೈ ಮೇಲೆತ್ತಿ ಗೋವಿಂದ ಅನ್ನುತ್ತಾರೆ. ನಾನೂ ಎತ್ತಿದೆ. ತುಳಸಿಯ ಕವರು ಬಲಗೈಯಲ್ಲಿತ್ತು. ಆಗ ಹಿಂದಿನಿಂದ ಒಬ್ಬಳು ನನ್ನ ಎಡಭುಜದ ಮೇಲೆ ಬ್ಯಾಗು ಇಟ್ಟು ಒರಗಿದಳು. ಬ್ಯಾಗಿನ ಅಡಿಯಲ್ಲಿ, ಕತ್ತಿಗೆ, ತಣ್ಣಗೆ ಏನೋ ತಾಗಿತು.

ಇರುವೆ ಹರಿದಷ್ಟು ಹಗುರಾಗಿತ್ತು ಅದು. ಅಂಥ ನೂಕುನುಗ್ಗಲಲ್ಲಿ ಅಷ್ಟು ಹಗುರಾಗಿ ಯಾರೂ ಯಾರನ್ನೂ ಮುಟ್ಟುವುದಿಲ್ಲ. ಯೋಚಿಸಲಿಲ್ಲ. ಎಡಗೈ ತಾನಾಗಿ ಇಳಿದು ಕತ್ತಿನ ಬಳಿ ಇದ್ದ ಕೈಯನ್ನು ಹಿಡಿಯಿತು. ಆ ಕೈಯೊಳಗೆ ಪುಟ್ಟದೊಂದು ಕಟರ್ ಇತ್ತು.

ಕೈ ಜಾರಿಸಿಕೊಳ್ಳಲು ನೋಡಿದಳು. ಆಗಲಿಲ್ಲ. ತಿರುಗಿ ನೋಡಿದರೆ ನನ್ನದೇ ವಯಸ್ಸಿನ ಹೆಂಗಸು. ಹಸಿರು ಸೀರೆ, ಹಣೆಯಲ್ಲಿ ಕುಂಕುಮ, ತಲೆಯಲ್ಲಿ ಹೂವು. ಎದುರಿಗೆ ಸಿಕ್ಕಿದ್ದರೆ ಮಾತಾಡಿಸುತ್ತಿದ್ದೆನೇನೋ. "ಬಿಡಕ್ಕ, ಏನಕ್ಕ ಇದು" ಎಂದು ಮೆಲ್ಲಗೆ, ತಪ್ಪು ನನ್ನದೇ ಎಂಬಂತೆ ಅಂದಳು. ಬ್ಯಾಗಿನ ಹೆಂಗಸು ಬೇರೆಯವಳು. ಅವಳು ನನ್ನ ಜಡೆ ಹಿಡಿದು ಹಿಂದಕ್ಕೆ ಎಳೆದು, ಬ್ಯಾಗಿನಲ್ಲಿದ್ದ ಸ್ಟೀಲ್ ಡಬ್ಬಿಯಿಂದ ಕಪಾಲಕ್ಕೆ ಹೊಡೆದಳು. ಕಣ್ಣು ಕತ್ತಲಾಯಿತು. ಹಿಡಿದ ಕೈ ಬಿಡಲಿಲ್ಲ. ಹಸಿರು ಸೀರೆಯವಳು ಬಗ್ಗಿ ನನ್ನ ಮೊಣಕೈ ಕೆಳಗೆ ಕಚ್ಚಿದಳು. ಹಲ್ಲು ಮಾಂಸದೊಳಗೆ ಇಳಿದದ್ದು ಗೊತ್ತಾಯಿತು. ನಾಯಿಯ ಹಾಗೆ ತಲೆ ಅಲ್ಲಾಡಿಸಿ ಕಚ್ಚುತ್ತಿದ್ದಳು.

"ಕಳ್ಳಿ, ಹಿಡ್ಕೊಳ್ರೀ" ಎಂದು ನಾನು ಕೂಗಿದ್ದು ಗೋವಿಂದದ ಕೂಗಿನಲ್ಲಿ ಮುಳುಗಿಹೋಯಿತು. ಅವಳ ಉಂಗುರದ ಬೆರಳು ನನ್ನ ಮುಷ್ಟಿಯಲ್ಲಿತ್ತು. ಅದನ್ನು ಹಿಂದಕ್ಕೆ ಮಡಿಸಿದೆ. ಹಸಿ ಅವರೆಕಾಯಿ ಮುರಿದ ಹಾಗೆ ಸದ್ದಾಯಿತು. ಅವಳ ಬಾಯಿ ನನ್ನ ಕೈ ಬಿಟ್ಟಿತು. ಕಟರ್ ಕೆಳಗೆ ಬಿತ್ತು. ಅವಳ ದೇಹದ ಬಿಗಿ ಎಲ್ಲ ಸಡಿಲವಾಗಿ, ಕೈಯನ್ನು ನನಗೇ ಒಪ್ಪಿಸಿದವಳ ಹಾಗೆ ನಿಂತುಬಿಟ್ಟಳು.

ಅಲ್ಲಿಗೆ ಮುಗಿಯಬೇಕಿತ್ತು. ಅವಳು ಎಲ್ಲಿಗೂ ಹೋಗುವಂತಿರಲಿಲ್ಲ. ಬ್ಯಾಗಿನವಳು ಅಡ್ಡಗಳದ ಕೆಳಗೆ ನುಸುಳಿ ಮಾಯವಾಗಿದ್ದಳು. ನನ್ನ ಸರ ಅರ್ಧ ಕತ್ತರಿಸಿದ್ದರೂ ಕತ್ತಿನಲ್ಲೇ ಇತ್ತು. ಅವಳ ಮುಖ ನನ್ನ ಮುಖದಿಂದ ಒಂದು ಗೇಣು ದೂರದಲ್ಲಿತ್ತು. ಬಾಯಿಯ ಸುತ್ತ ನನ್ನ ರಕ್ತ. ನನಗೆ ಅತ್ತೆಯ ಗದ್ದ ಕಣ್ಣ ಮುಂದೆ ಬಂತು ಎಂದು ಬಹಳ ಜನಕ್ಕೆ ಹೇಳಿದ್ದೇನೆ. ನಿಜವೆಂದರೆ ಆ ಗಳಿಗೆಯಲ್ಲಿ ಅತ್ತೆ ನೆನಪಾಗಲಿಲ್ಲ. ಯಾರೂ ನೆನಪಾಗಲಿಲ್ಲ. ಒಂದು ಮುರಿದಿತ್ತು, ಪಕ್ಕದ್ದು ಕೈಯಲ್ಲಿತ್ತು. ಅವಳ ಕಣ್ಣನ್ನೇ ನೋಡುತ್ತಾ ನಡುಬೆರಳನ್ನು ಹಿಡಿದು, ನಿಧಾನವಾಗಿ, ಮುರಿಯುವವರೆಗೆ ಮಡಿಸಿದೆ. ಅವಳು ಕೂಗಲಿಲ್ಲ. ತುಟಿ ಮಾತ್ರ ಬಿಳುಚಿಕೊಂಡಿತು.

ಆಮೇಲೆ ಜನಕ್ಕೆ ಗೊತ್ತಾಯಿತು.

ಅವಳನ್ನು ಎಳೆದುಕೊಂಡು ಹೊರಗೆ ಚಪ್ಪಲಿ ಬಿಡುವ ಜಾಗಕ್ಕೆ ತಂದರು. ನಾನು ಇನ್ನೂ ಅವಳ ಮಣಿಕಟ್ಟು ಹಿಡಿದೇ ಇದ್ದೆ. ನಾನು ಹಿಡಿದುಕೊಂಡಿದ್ದೆ, ಉಳಿದವರು ಹೊಡೆಯುತ್ತಿದ್ದರು. ಕೈಗೆ ಸಿಕ್ಕಿದ ಚಪ್ಪಲಿಯಲ್ಲೆಲ್ಲ ಹೊಡೆದರು. ಮಡಿಯುಟ್ಟು ಉಪವಾಸವಿದ್ದ ಹೆಂಗಸರು, ಪೂಜೆಯ ತಟ್ಟೆಯನ್ನು ಪಕ್ಕದವರಿಗೆ ಕೊಟ್ಟು ಬಂದು, ಹೊಡೆದು, ತಟ್ಟೆ ವಾಪಸ್ ತೆಗೆದುಕೊಂಡು ಸಾಲಿಗೆ ಹೋದರು. ಒಬ್ಬ ಅಜ್ಜಿ ಅವಳ ಮುಖಕ್ಕೆ ಉಗಿದಳು. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಬಟ್ಟೆಚೀಲ ಬಿಚ್ಚಿದಾಗ ಮೂರು ಸರ ಸಿಕ್ಕವು. ಅದನ್ನು ಕಂಡ ಮೇಲೆ ಹೊಡೆತ ಇಮ್ಮಡಿಯಾಯಿತು. ಗಂಡಸರೂ ಬಂದರು.

"ಕೂದ್ಲು ಕತ್ತರಿಸ್ರೋ" ಎಂದು ಯಾರೋ ಅಂದರು. ಹೂ ಮಾರುವವಳ ಕತ್ತರಿ ಕೈಯಿಂದ ಕೈಗೆ ಬಂತು. ಜಡೆಯನ್ನು ಬುಡದಲ್ಲಿ ಹಿಡಿದು ಕತ್ತರಿಸಿದರು. ಕಿವಿಯ ಮೇಲಿನ ಚರ್ಮವೂ ಕತ್ತರಿಗೆ ಸಿಕ್ಕಿತು. ನಮ್ಮ ಸುತ್ತ ಜನ ಮೊಬೈಲು ಎತ್ತಿಕೊಂಡು ನಿಂತಿದ್ದರು. ಒಬ್ಬ ದಾಂಡಿಗ, ಬಿಳಿ ಪಂಚೆ ಉಟ್ಟವನು, ಸರ್ವೆಯ ಗಳವೊಂದನ್ನು ಕಿತ್ತು ತಂದ. "ಕೈ ಬಿಡಕ್ಕ, ನಿಂಗೆ ಏಟು ಬೀಳುತ್ತೆ" ಎಂದು ನನಗೆ ಮರ್ಯಾದೆಯಿಂದ ಹೇಳಿದ. ನಾನು ಬಿಟ್ಟು ಹಿಂದೆ ಸರಿದೆ.

ಅವನು ಗಳ ಎತ್ತಿದ. ಮೊದಲ ಏಟು ಅವಳ ಬೆನ್ನಿಗೆ ಬಿತ್ತು. ಎರಡನೆಯದು ತಲೆಗೆ ಬೀಳಬೇಕಿತ್ತು. ಅಷ್ಟರಲ್ಲಿ ಮಹಿಳಾ ಪೇದೆಯೊಬ್ಬಳು, ಸಣ್ಣ ಆಳು, ಜನರ ಕಾಲ ಸಂದಿಯಿಂದ ತೂರಿ ಬಂದು ಅವಳ ಮೇಲೆ ಕವುಚಿ ಬಿದ್ದಳು. ಗಳ ಪೇದೆಯ ಹೆಗಲಿಗೆ ಬಡಿಯಿತು. ಖಾಕಿ ಬಟ್ಟೆ ಕಂಡ ಕೂಡಲೇ ಪಂಚೆಯವನು ಗಳ ಬಿಸಾಕಿ ಗುಂಪಿನೊಳಗೆ ಕರಗಿದ. ಅವಳಿಗೆ ಆ ಏಟು ಬಿದ್ದಿದ್ದರೆ ಸಾಯುತ್ತಿದ್ದಳು. ನಾನು ಎರಡು ಹೆಜ್ಜೆ ದೂರದಲ್ಲಿ ನಿಂತು ನೋಡುತ್ತಿದ್ದೆ. ಬೇಡ ಅನ್ನಲು ಬಾಯಿ ತೆರೆದೆ ಎಂದು ಬರೆದರೆ ಸುಳ್ಳಾಗುತ್ತದೆ. ಆ ಹೊತ್ತಿಗೆ ನನ್ನೊಳಗೆ ಇದ್ದದ್ದು ಸಮಾಧಾನ.

ಪೇದೆ ಎದ್ದು ಹೆಗಲು ಹಿಡಿದುಕೊಂಡೇ, "ಸರ ಯಾರ್ದು? ಹಿಡ್ದೋರು ಯಾರು?" ಎಂದು ಕೇಳಿದಳು. ಎಲ್ಲರೂ ನನ್ನ ಕಡೆ ತೋರಿಸಿದರು.

"ಬನ್ನಿ ಅಕ್ಕ. ಕಂಪ್ಲೇಂಟ್ ಕೊಡ್ಬೇಕು ನೀವು. ಮೊದ್ಲು ಆಸ್ಪತ್ರೆ."

ಜೀಪು ಒಂದೇ ಇತ್ತು. ನನ್ನನ್ನೂ ಅವಳನ್ನೂ ಅದರಲ್ಲೇ ಎದುರುಬದುರು ಕೂರಿಸಿದರು. ನಡುವೆ ಪೇದೆ. ಕತ್ತರಿಸಿದ ಕೂದಲು ಅವಳ ಕೆನ್ನೆಗೆ ರಕ್ತದಲ್ಲಿ ಅಂಟಿಕೊಂಡಿತ್ತು. ಒಂದು ಕಣ್ಣು ಊದಿ ಮುಚ್ಚಿತ್ತು. ಸೀರೆ ಹರಿದಿದ್ದರಿಂದ ಯಾರದೋ ಟವೆಲ್ಲು ಹೊದಿಸಿದ್ದರು. ಮುರಿದ ಕೈಯನ್ನು ಇನ್ನೊಂದು ಕೈಯಲ್ಲಿ ಎಳೆಗೂಸನ್ನು ಹಿಡಿದ ಹಾಗೆ ಹಿಡಿದಿದ್ದಳು. ನಾನು ಹೊರಗೆ ನೋಡುತ್ತಾ ಕುಳಿತೆ. ರೈಲ್ವೆ ಗೇಟು ಹಾಕಿತ್ತು. ಜೀಪು ನಿಂತಿತು.

"ಅಕ್ಕಾ" ಅಂದಳು.

ನಾನು ತಿರುಗಲಿಲ್ಲ.

"ಒಂದು ಮುರ್ದಾಗ್ಲೇ ಬಿಟ್ಬಿಟ್ಟಿದ್ನಲ್ಲಕ್ಕ. ಇನ್ನೊಂದು ಯಾಕಕ್ಕ?"

ದನಿಯಲ್ಲಿ ಜಗಳವಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕು ಎಂದು ಕೇಳಿದ ಹಾಗಿತ್ತು. ಪೇದೆ, "ಬಾಯ್ ಮುಚ್ಕೊಂಡು ಕೂತ್ಕೊ" ಎಂದು ಗದರಿದಳು.  ರೈಲು ಹೋಯಿತು, ಗೇಟು ತೆಗೆದರು.

ಆಸ್ಪತ್ರೆಯಲ್ಲಿ ಡಾಕ್ಟರು ನನ್ನ ಗಾಯ ನೋಡಿ, ಮನುಷ್ಯರ ಕಡಿತ ಬೇಗ ಕೀವಾಗುತ್ತದೆ ಎಂದು ಎರಡು ಇಂಜೆಕ್ಷನ್ ಕೊಟ್ಟರು. ಪರದೆಯ ಆಚೆ ಅವಳ ಬೆರಳುಗಳನ್ನು ನೆಟ್ಟಗೆ ಮಾಡುತ್ತಿದ್ದರು. ಅಲ್ಲಿಯೂ ಅವಳು ಕೂಗಲಿಲ್ಲ. ಉಸಿರು ಎಳೆದುಕೊಳ್ಳುವ ಸದ್ದು ಮಾತ್ರ ಕೇಳಿಸುತ್ತಿತ್ತು. ಒಂದು ಬೆರಳಿಗೆ ಒಂದು ಸಲ, ಇನ್ನೊಂದಕ್ಕೆ ಇನ್ನೊಂದು ಸಲ.

ಪೇದೆ ಹೊರಗಿನ ಬೆಂಚಿನ ಮೇಲೆ ನನ್ನ ಪಕ್ಕ ಕುಳಿತು ಹೇಳಿಕೆ ಬರೆದುಕೊಳ್ಳುತ್ತಿದ್ದಳು. ಬರೆಯುವುದನ್ನು ನಿಲ್ಲಿಸಿ ಕೇಳಿದಳು.

"ಬೆರಳು ನೀವೇ ಮುರ್ದ್ರಾ ಅಕ್ಕ?"

"ಗಲಾಟೇಲಿ ಏನೇನಾಯ್ತೋ ಮೇಡಂ. ಕಚ್ತಾ ಇದ್ಲು."

ಪೇದೆ ನನ್ನ ಮುಖ ನೋಡಿದಳು. ಅವಳ ಹೆಗಲು ಆಗಲೇ ಊದಿಕೊಂಡಿತ್ತು. "ಸಾರ್ವಜನಿಕರು ಎಳೆದಾಡಿದಾಗ ಅಂತ ಬರ್ಕೋತೀನಿ" ಅಂದಳು. ಬರೆದಳು. ನಾನು ಸಹಿ ಹಾಕಿದೆ.

ನಾನು ಮನೆ ತಲುಪುವ ಮೊದಲೇ ವಿಡಿಯೋ ಊರಿಗೆ ತಲುಪಿತ್ತು. ಬಸ್‌ಸ್ಟಾಪಿನಲ್ಲಿ ಇಳಿದಾಗ ಡೈರಿಯ ಮುಂದೆ ನಿಂತಿದ್ದವರು ಚಪ್ಪಾಳೆ ತಟ್ಟಿದರು. ಅತ್ತೆ ಬೀದಿಯವರೆಗೆ ಬಂದು ನಿಂತಿದ್ದರು. ಅವರು ಹಟ್ಟಿ ದಾಟಿ ಬಂದು ಒಂದು ವರ್ಷದ ಮೇಲಾಗಿತ್ತು. ನನ್ನ ಕೈಯ ಪಟ್ಟಿಯನ್ನು ಮುಟ್ಟಿ ಮುಟ್ಟಿ ನೋಡಿದರು. ಒಳಗೆ ಕರೆದುಕೊಂಡು ಹೋಗಿ ಕೂರಿಸಿ, ಅನ್ನ ಕಲಸಿ ತಾವೇ ಬಾಯಿಗಿಟ್ಟರು. ಏಕಾದಶಿ ಎಂಬುದು ಇಬ್ಬರಿಗೂ ನೆನಪಾಗಲಿಲ್ಲ.

"ಬೆರಳು ಮುರ್ದಂತೆ?"

"ಹೂಂ ಅತ್ತೆ."

"ಸದ್ದು ಬಂತಾ?"

"ಬಂತು."

"ಕೂಗಿದ್ಲಾ?"

"ಇಲ್ಲ."

ಅತ್ತೆಗೆ ಅದು ಸಾಲಲಿಲ್ಲ. ಕೂಗಬೇಕಿತ್ತು ಎಂಬ ಹಾಗೆ ತಲೆ ಅಲ್ಲಾಡಿಸಿದರು. ಆಮೇಲೆ, "ಒಂದೇ ಬೆರಳಾ?" ಎಂದು ಕೇಳಿದರು. "ಒಂದೇ" ಅಂದೆ.

ಕೈ ಕೀವಾಯಿತು. ಹದಿನೈದು ದಿನ ಹಾಲು ಕರೆಯಲಾಗಲಿಲ್ಲ. ನಮ್ಮನೆಯವರು ಶಿಫ್ಟ್ ಬದಲಾಯಿಸಿಕೊಂಡು ಕರೆದರು. ಹಸುಗಳು ಅವರಿಗೆ ಸೊರೆಬಿಡದೆ, ಹಾಲು ಇಳಿಸದೆ, ಒದ್ದವು. ಆ ಹದಿನೈದು ದಿನವೂ ಮನೆಗೆ ಜನ ಬರುತ್ತಿದ್ದರು. ಅತ್ತೆಯೇ ಎಲ್ಲರಿಗೂ ಕಥೆ ಹೇಳುತ್ತಿದ್ದರು. ನಾನು ಹೇಳಿದ್ದಕ್ಕಿಂತ ಚೆನ್ನಾಗಿ ಹೇಳುತ್ತಿದ್ದರು. ಅವರ ಕಥೆಯಲ್ಲಿ ಕಳ್ಳಿ ಆರಡಿ ಎತ್ತರವಿದ್ದಳು, ಕೈಯಲ್ಲಿ ಚೂರಿ ಇತ್ತು, ಬೆರಳು ಮುರಿದಾಗ ಊರಿಗೆಲ್ಲ ಕೇಳುವಂತೆ ಕೂಗಿದಳು. ಹೇಳುತ್ತಾ ಹೇಳುತ್ತಾ ಅವರ ಸೆರಗು ಕತ್ತಿನಿಂದ ಜಾರುತ್ತಿತ್ತು, ಅವರು ಸರಿಮಾಡಿಕೊಳ್ಳುತ್ತಿರಲಿಲ್ಲ. ಯುಗಾದಿಯ ಹೊತ್ತಿಗೆ ಗುಡಿಗೆ ಹೋಗಲು ಶುರುಮಾಡಿದರು. ಹೊಸಕೋಟೆಯಲ್ಲಿರುವ ಮಗಳ ಮನೆಗೆ ಒಬ್ಬರೇ ಬಸ್ಸಿನಲ್ಲಿ ಹೋಗಿಬಂದರು. ಅವರು ಮತ್ತೆ ಮನುಷ್ಯರಾದರು ಎಂದು ನಮ್ಮನೆಯವರು ಸಂತೋಷಪಟ್ಟರು. ನಾನೂ ಪಟ್ಟೆ. ಏನು ಕೊಟ್ಟು ಅದನ್ನು ತಂದಿದ್ದೆ ಎಂಬುದು ನನ್ನೊಬ್ಬಳಿಗೇ ಗೊತ್ತಿತ್ತು.

ಹದಿನಾಲ್ಕು ತಿಂಗಳ ಮೇಲೆ ಸಾಕ್ಷಿ ಹೇಳಲು ಕೋರ್ಟಿನಿಂದ ಸಮನ್ಸ್ ಬಂತು. ಅಷ್ಟೂ ದಿನ ಅವಳು ಜೈಲಿನಲ್ಲೇ ಇದ್ದಳಂತೆ. ಜಾಮೀನಿಗೆ ಯಾರೂ ಬರಲಿಲ್ಲ. ಬ್ಯಾಗಿನವಳು ಕೊನೆಗೂ ಸಿಗಲಿಲ್ಲ. ನಾನು ಸಾಕ್ಷಿಯ ಕಟಕಟೆ ಹತ್ತಿ ನಿಂತಾಗ ಅವಳನ್ನು ಕರೆತಂದರು. ಕೂದಲು ಹೆಗಲಿನವರೆಗೆ ಬೆಳೆದಿತ್ತು. ತೆಳ್ಳಗಾಗಿದ್ದಳು. ಗುರುತಿಸಿದೆ. ಸರ, ಕಟರ್ ತೋರಿಸಿದರು, ಗುರುತಿಸಿದೆ.

ಸರ್ಕಾರವೇ ಕೊಟ್ಟ ವಕೀಲರು ಅವಳ ಪರ. ವಯಸ್ಸಾದವರು, ಸುಸ್ತಾಗಿದ್ದರು. ಆಸ್ಪತ್ರೆಯ ಕಾಗದ ನೋಡುತ್ತಾ ಕೇಳಿದರು.

"ಇವರ ಬಲಗೈ ಎರಡು ಬೆರಳು ಮುರಿದಿವೆ. ಹೇಗೆ ಮುರಿದವು ಅಂತ ನಿಮಗೆ ಗೊತ್ತಾ?"

ಕೋರ್ಟಿನ ಫ್ಯಾನು ಕಿರುಗುಡುತ್ತಿತ್ತು. ಅವಳು ಕಟಕಟೆಯ ಮರದ ಮೇಲೆ ಬಲಗೈ ಇಟ್ಟುಕೊಂಡಿದ್ದಳು. ಉಂಗುರದ ಬೆರಳು ಸರಿಯಾಗಿ ಕೂಡಿತ್ತು. ನಡುಬೆರಳು ಮಡಚದೆ ನೆಟ್ಟಗೆ ನಿಂತುಬಿಟ್ಟಿತ್ತು.

"ಗೊತ್ತಿಲ್ಲ ಸ್ವಾಮಿ. ಜನ ಎಳೆದಾಡಿದ್ರು. ಆವಾಗ ಆಗಿರ್ಬೋದು."

"ನೀವು ಮುರಿದಿಲ್ಲ?"

"ಇಲ್ಲ."

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಬೈಯುತ್ತಾಳೆ, ಕೂಗುತ್ತಾಳೆ ಎಂದುಕೊಂಡೆ. ಏನೂ ಮಾಡಲಿಲ್ಲ. ವಕೀಲರು ಅವಳ ಕಡೆ ತಿರುಗಿ ಏನಾದರೂ ಕೇಳಬೇಕೇ ಎಂಬಂತೆ ನೋಡಿದರು. ಅವಳು ಬೇಡವೆಂದು ತಲೆಯಾಡಿಸಿದಳು. ನಾನು ಇಳಿದು ಬಂದು ಹೊರಗಿನ ಹೊಂಗೆಮರದ ಕೆಳಗೆ ಕುಳಿತುಬಿಟ್ಟೆ. ಬಿಸಿಲಿಗೆ ಸುಸ್ತಾಯಿತು ಎಂದು ಯಾರೋ ನೀರು ಕೊಟ್ಟರು.

ಮುಂದೆ ಅವಳಿಗೆ ಶಿಕ್ಷೆಯಾಯಿತು. ಆಗಲೇ ಒಳಗಿದ್ದ ದಿನಗಳನ್ನು ಅದರಲ್ಲಿ ಕಳೆದು ಕೆಲವು ತಿಂಗಳಿಗೆ ಬಿಟ್ಟರು. ಆ ಪೇದೆಯೇ ಫೋನ್ ಮಾಡಿ ಹೇಳಿದಳು. "ನಿಮ್ಮ ಮುಖ ಗೊತ್ತು ಅವ್ಳಿಗೆ, ಹುಷಾರಾಗಿರಿ ಅಕ್ಕ" ಅಂದಳು. ಗಳದ ಏಟು ಬಿದ್ದ ಅವಳ ಹೆಗಲು ಹೇಗಿದೆ ಎಂದು ಕೇಳಿದೆ. ಕೈ ಇನ್ನೂ ಪೂರ್ತಿ ಮೇಲೆ ಎತ್ತಲಾಗುವುದಿಲ್ಲ ಅಂದಳು.

ಫೋನ್ ಇಟ್ಟ ದಿನವೇ ಅತ್ತೆಗೆ ಹೇಳಿದೆ. ಹುಲ್ಲು ಹಾಕುತ್ತಿದ್ದರು. ಎರಡನೆಯ ಬೆರಳನ್ನು ನಾನು ಬೇಕೆಂದೇ ಮುರಿದೆ, ಅವಳು ಸುಮ್ಮನೆ ನಿಂತಿದ್ದಳು, ಕೋರ್ಟಿನಲ್ಲಿ ಸುಳ್ಳು ಹೇಳಿದೆ ಎಂದೆ. ಅತ್ತೆ ಕೈಯಲ್ಲಿದ್ದ ಹುಲ್ಲಿನ ಕಂತೆ ಹಿಡಿದುಕೊಂಡೇ ನಿಂತರು.

"ಮೊದ್ಲೇ ಯಾಕಮ್ಮಿ ಹೇಳ್ಲಿಲ್ಲ?"

"ನಿಮಗೆ ಬೇಜಾರಾಗುತ್ತೆ ಅಂತ."

"ನಾನು ಊರೆಲ್ಲಾ ಹೇಳ್ಕೊಂಡು ತಿರುಗಿದ್ನಲ್ಲೇ" ಅಂದರು. ಹುಲ್ಲು ಹಾಕಿ, ಕೈ ತೊಳೆದುಕೊಂಡು ಒಳಗೆ ಹೋದರು. ಅವತ್ತು ನನ್ನ ಜೊತೆ ಮತ್ತೆ ಮಾತಾಡಲಿಲ್ಲ. ಅದು ಸಿಟ್ಟೋ, ನಾಚಿಕೆಯೋ, ನನಗೆ ತಿಳಿಯಲಿಲ್ಲ. ಆಮೇಲೆ ಆ ಕಥೆಯನ್ನು ಅವರು ಯಾರಿಗೂ ಹೇಳಿದ್ದನ್ನು ನಾನು ಕೇಳಲಿಲ್ಲ.

ಕಳೆದ ತಿಂಗಳು ಅನುಗೊಂಡನಹಳ್ಳಿ ಕಡೆಯಿಂದ ನಮ್ಮ ದೊಡ್ಡಪ್ಪನ ಮಗಳು ಬಂದಿದ್ದಳು. ನನಗಿಂತ ದೊಡ್ಡವಳು, ದೇವರು ದಿಂಡರು ಎಂದರೆ ಜೀವ. ಕಾಫಿ ಕುಡಿಯುತ್ತಾ, "ಅದೇನೋ ಕಳ್ಳಿ ಹಿಡಿದ್ಯಂತಲ್ಲೇ, ಹೇಳೇ" ಅಂದಳು. ಅತ್ತೆ ನಡುವೆ ಬಾಯಿ ಹಾಕಿ, "ಅದೆಲ್ಲಾ ಹಳೇದು ಬಿಡವ್ವ, ಕಾಫಿ ಕುಡಿ" ಅಂದರು. ನಾನು, "ಇಲ್ಲ ಅತ್ತೆ, ಹೇಳ್ತೀನಿ" ಎಂದು ಎಲ್ಲವನ್ನೂ ಹೇಳಿದೆ. ಸೋತು ನಿಂತವಳ ಬೆರಳನ್ನು ಕಣ್ಣು ನೋಡುತ್ತಾ ಮುರಿದದ್ದು, ಗಳ ಎತ್ತಿದವನಿಗೆ ದಾರಿ ಬಿಟ್ಟದ್ದು, ಜೀಪಿನಲ್ಲಿ ಅವಳು ಕೇಳಿದ್ದು, ಕಟಕಟೆಯ ಸುಳ್ಳು, ಒಂದನ್ನೂ ಬಿಡಲಿಲ್ಲ.

ಅಕ್ಕ ಪೂರ್ತಿ ಕೇಳಿದಳು. ಲೋಟ ಕೆಳಗಿಟ್ಟು ನನ್ನ ಬೆನ್ನು ತಟ್ಟಿದಳು.

"ಒಳ್ಳೇ ಕೆಲ್ಸ ಮಾಡ್ದೆ ಬಿಡು. ಐದೂ ಮುರೀಬೇಕಿತ್ತು."

ಅತ್ತೆ ಎದ್ದು ಖಾಲಿ ಲೋಟ ತೆಗೆದುಕೊಂಡು ಅಡುಗೆಮನೆಗೆ ಹೋದರು. ನಾನು ಅಕ್ಕನನ್ನು ಬಸ್‌ಸ್ಟಾಪಿನವರೆಗೆ ಬಿಟ್ಟು ಬಂದೆ.